ಅಂಬಾ ಡೊಂಗರ್: ಸುಣ್ಣಕಲ್ಲಿನಂತೆ ಕಾಣುವ ಅಗ್ನಿಶಿಲೆ ಮತ್ತು ಅದರ ಕೊನೆಯ ನೀರು

ಗುಜರಾತಿನ ಪೂರ್ವದ ಅಂಚಿನಲ್ಲಿ, ಮಧ್ಯಪ್ರದೇಶದ ಗಡಿಗೆ ಒತ್ತಿಕೊಂಡಂತಿರುವ ಛೋಟಾ ಉದಯಪುರ ಜಿಲ್ಲೆಯಲ್ಲಿ, ನರ್ಮದಾ ನದಿಯ ಉತ್ತರಕ್ಕೆ, ಉಂಗುರದ ಹಾಗೆ ಸುತ್ತುಗಟ್ಟಿ ನಿಂತ ಗುಡ್ಡಗಳ ಗುಂಪೊಂದಿದೆ. ಅದರ ಹೆಸರು ಅಂಬಾ ಡೊಂಗರ್. ಆ ಭಾಗದ ಮಾತಿನಲ್ಲಿ ಡೊಂಗರ್ ಅಥವಾ ಡುಂಗರ್ ಎಂದರೆ ಗುಡ್ಡ. ಇಲ್ಲಿನ ಕಲ್ಲಿನ ತುಂಡೊಂದನ್ನು ಕೈಗೆತ್ತಿಕೊಂಡು ನೋಡಿದರೆ ಅದು ಬೆಳ್ಳಗೆ, ಹರಳುಹರಳಾಗಿ, ಯಾವುದೋ ದೇವಸ್ಥಾನದ ನೆಲಹಾಸಿನಿಂದ ಒಡೆದು ಬಂದ ಅಮೃತಶಿಲೆಯ ಚೂರಿನಂತೆ ಕಾಣುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಸುಣ್ಣಕಲ್ಲಿನಂತೆಯೇ ಚುರ್ರೆಂದು ನೊರೆಯೇಳುತ್ತದೆ. ಆದರೆ ಇದು ಸಮುದ್ರದ ತಳದಲ್ಲಿ ಚಿಪ್ಪುಗಳು ಸೇರಿ ಗಟ್ಟಿಯಾದ ಸುಣ್ಣಕಲ್ಲಲ್ಲ, ಸುಣ್ಣಕಲ್ಲು ಬೆಂದು ಆದ ಅಮೃತಶಿಲೆಯೂ ಅಲ್ಲ. ಭೂಮಿಯ ಆಳದಿಂದ ಕರಗಿದ ಸ್ಥಿತಿಯಲ್ಲಿ ಮೇಲೆದ್ದು ಬಂದು ಹೆಪ್ಪುಗಟ್ಟಿದ ಅಗ್ನಿಶಿಲೆ ಇದು. ಹೆಸರು ಕಾರ್ಬೊನಟೈಟ್.

ಲ್ಯಾಂಥನಮ್, ಸೀರಿಯಂ, ನಿಯೋಡಿಮಿಯಂ ಮೊದಲಾದ ಧಾತುಗಳ ಬಳಗಕ್ಕೆ ವಿರಳ ಭೂಲೋಹಗಳು ಎನ್ನುತ್ತಾರೆ. ಜಗತ್ತಿನ ವಿರಳ ಭೂಲೋಹಗಳ ಬಹುಪಾಲು ಈ ಜಾತಿಯ ಶಿಲೆಗಳೊಂದಿಗೆ ಸಂಬಂಧವಿರುವ ನಿಕ್ಷೇಪಗಳಿಂದ ಬರುತ್ತದೆ. ಚೀನಾದ ಬಯಾನ್ ಓಬೊ, ಅಮೆರಿಕದ ಮೌಂಟನ್ ಪಾಸ್, ಆಸ್ಟ್ರೇಲಿಯಾದ ಮೌಂಟ್ ವೆಲ್ಡ್ ಮೂರಕ್ಕೂ ಮೂಲ ಕಾರ್ಬೊನಟೈಟೇ. ಅಂಬಾ ಡೊಂಗರ್‌ನಲ್ಲಿಯೂ ಅದೇ ಶಿಲೆಯಿದೆ, ಅದರೊಳಗೆ ವಿರಳ ಭೂಲೋಹಗಳೂ ಇವೆ. ಆದರೂ ಅರ್ಧ ಶತಮಾನದಿಂದ ಆ ಗುಡ್ಡದಿಂದ ಹೊರಬಂದ ಸರಕು ಫ್ಲೋರೈಟ್, ಅಂದರೆ ಅಲ್ಯೂಮಿನಿಯಂ ಮತ್ತು ಉಕ್ಕಿನ ಉದ್ಯಮಗಳಿಗೂ ಹೈಡ್ರೋಫ್ಲೋರಿಕ್ ಆಮ್ಲದ ತಯಾರಿಕೆಗೂ ಬೇಕಾಗುವ ಕ್ಯಾಲ್ಸಿಯಂ ಫ್ಲೋರೈಡ್. ಒಂದೇ ಗುಡ್ಡದಲ್ಲಿ ಒಂದು ಖನಿಜ ಗಣಿಯಾಯಿತು, ಇನ್ನೊಂದು ಇಷ್ಟು ಕಾಲ ಪ್ರಯೋಗಾಲಯದ ವಿಷಯವಾಗಿಯೇ ಉಳಿಯಿತು. ಇದಕ್ಕೆ ಮಾರುಕಟ್ಟೆಯ ಕಾರಣಗಳೂ ಇವೆ. ಆದರೆ ಮುಖ್ಯ ಕಾರಣ ಕಲ್ಲಿನೊಳಗೇ ಇದೆ ಎಂಬುದು ಈ ಬರಹದ ನಿಲುವು. ಶಿಲಾಪಾಕ, ಅಂದರೆ ಆಳದ ಕರಗಿದ ಕಲ್ಲು, ಎಲ್ಲಿ ಹುಟ್ಟಿತು ಎಂಬುದಕ್ಕಿಂತ, ಅದು ಹೆಪ್ಪುಗಟ್ಟಿದ ಮೇಲೆ ಬಿರುಕುಗಳಲ್ಲಿ ಹರಿದ ನೀರು ಏನು ಮಾಡಿತು ಎಂಬುದೇ ಇಲ್ಲಿ ನಿರ್ಣಾಯಕವಾಗಿದೆ.

ಗುರುತು ಸಿಕ್ಕಿದ ಬಗೆ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪ್ರಮಥನಾಥ ಬೋಸ್ ಅವರು ನಿಮಾವರ್‌ನಿಂದ ಕವಾಂಟ್‌ವರೆಗಿನ ಕೆಳ ನರ್ಮದಾ ಕಣಿವೆಯ ಭೂವಿಜ್ಞಾನವನ್ನು 1884ರಲ್ಲಿ ಪ್ರಕಟಿಸಿದರು. ಆಗ ‘ಕಾರ್ಬೊನಟೈಟ್’ ಎಂಬ ಪದವೇ ಇರಲಿಲ್ಲ. ನಾರ್ವೆಯ ಫೆನ್ ಪ್ರದೇಶದ ಕಲ್ಲುಗಳನ್ನು ಅಭ್ಯಾಸ ಮಾಡಿದ ಬ್ರೋಗರ್ 1921ರಲ್ಲಿ ಆ ಪದವನ್ನು ಟಂಕಿಸಿದಾಗಲೂ ವಿಜ್ಞಾನಿಗಳಲ್ಲಿ ಅನೇಕರು ಒಪ್ಪಲಿಲ್ಲ. ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಶುದ್ಧವಾಗಿದ್ದರೆ, ಅದು ಕರಗಬೇಕಾದರೆ 1,300 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಅದಕ್ಕೂ ಮೊದಲೇ ಒತ್ತಡ ಸಾಲದಿದ್ದರೆ ಸುಣ್ಣದ ಗೂಡಿನಲ್ಲಿ ಆಗುವಂತೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣವಾಗಿಬಿಡುತ್ತದೆ. ಹೀಗಿರುವಾಗ ಕರಗಿದ ಸುಣ್ಣಕಲ್ಲು ಎಂಬುದು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆಯಾಗಿತ್ತು. ಪ್ರಶ್ನೆ ಸಮಂಜಸವೇ. ಅದಕ್ಕೆ ಉತ್ತರ 1960ರಲ್ಲಿ ಎರಡು ಕಡೆಯಿಂದ ಬಂತು. ಪ್ರಯೋಗಾಲಯದಲ್ಲಿ ವೈಲಿ ಮತ್ತು ಟಟ್ಲ್ ಅವರು, ಒತ್ತಡದಲ್ಲಿ ನೀರು ಜೊತೆಗಿದ್ದರೆ ಕ್ಯಾಲ್ಸೈಟ್ ಸುಮಾರು 650 ಡಿಗ್ರಿಯಲ್ಲಿಯೇ ದ್ರವರೂಪಕ್ಕೆ ಬರಬಲ್ಲದು ಎಂದು ತೋರಿಸಿದರು. ಅದೇ ವರ್ಷ ತಾಂಜಾನಿಯಾದ ಓಲ್ಡೊಯಿನ್ಯೋ ಲೆಂಗಾಯ್ ಜ್ವಾಲಾಮುಖಿಯಿಂದ ಹೊರಬಿದ್ದ ಲಾವಾರಸವು ಸೋಡಿಯಂ ಕಾರ್ಬೊನೇಟಿನದ್ದು ಎಂಬುದು ಸ್ಥಳದಲ್ಲಿಯೇ ದಾಖಲಾಯಿತು. ಹರಿಯುವಾಗ ಕೆಸರಿನಂತೆ ಕಪ್ಪಗಿರುವ ಆ ಲಾವಾರಸ ಗಾಳಿಯ ತೇವ ಹೀರಿಕೊಂಡು ಕೆಲವೇ ದಿನಗಳಲ್ಲಿ ಬೂದಿಬಿಳಿಯಾಗುತ್ತದೆ. ಕಣ್ಣೆದುರು ಹರಿದದ್ದರ ಮೇಲೆ ವಾದ ಮುಂದುವರಿಸುವುದು ಕಷ್ಟ.

ಈ ಬದಲಾವಣೆಯ ಬೆನ್ನಿಗೇ, 1963ರಲ್ಲಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಆರ್. ಎನ್. ಸುಖೇಶ್ವಾಲಾ ಮತ್ತು ಪರಮಾಣು ಖನಿಜ ವಿಭಾಗದ ಜಿ. ಆರ್. ಉದಾಸ್ ಅವರು ಅಂಬಾ ಡೊಂಗರ್‌ನ ಕಲ್ಲು ಕಾರ್ಬೊನಟೈಟ್ ಎಂದು ವರದಿ ಮಾಡಿದರು. ತಮ್ಮ ಮೊದಲ ಟಿಪ್ಪಣಿಯಲ್ಲಿಯೇ ಅವರು ಅದರ ಆರ್ಥಿಕ ಸಾಧ್ಯತೆಯ ಮಾತನ್ನೂ ಎತ್ತಿದ್ದರು. ಸುತ್ತಮುತ್ತ ಬಾಘ್ ಸ್ತರಗಳ ನಿಜವಾದ ಸುಣ್ಣಕಲ್ಲು, ಮರಳುಗಲ್ಲುಗಳೇ ಇರುವ ಸೀಮೆಯಲ್ಲಿ ಇನ್ನೊಂದು ಬಿಳಿಯ ಸುಣ್ಣಮಯ ಕಲ್ಲನ್ನು ಬೇರೆ ಎಂದು ಹೇಳಬೇಕಾದರೆ ಬರಿಗಣ್ಣು ಸಾಲದು. ಗುರುತಿಗೆ ಸಹಾಯವಾಗುವವು ಜೊತೆಯ ಖನಿಜಗಳು: ಅಪಟೈಟ್, ಮ್ಯಾಗ್ನಟೈಟ್, ಕಂದುಬಣ್ಣದ ಫ್ಲೋಗೋಪೈಟ್ ಅಭ್ರಕ, ನಿಯೋಬಿಯಂ ಹೊತ್ತ ಪೈರೋಕ್ಲೋರ್. ಇವು ಸಮುದ್ರದ ಸುಣ್ಣಕಲ್ಲಿನಲ್ಲಿ ಒಟ್ಟಾಗಿ ಇರುವುದಿಲ್ಲ. ರಾಸಾಯನಿಕವಾಗಿ ಇನ್ನೂ ಸ್ಪಷ್ಟವಾದ ಸಾಕ್ಷಿಯೆಂದರೆ ಸ್ಟ್ರಾನ್ಷಿಯಂ. ಸಾಧಾರಣ ಸುಣ್ಣಕಲ್ಲಿನಲ್ಲಿ ಹತ್ತು ಲಕ್ಷಕ್ಕೆ ಕೆಲವು ನೂರು ಭಾಗ ಇರುವ ಈ ಧಾತು ಕಾರ್ಬೊನಟೈಟಿನಲ್ಲಿ ಸಾವಿರಗಳ ಲೆಕ್ಕದಲ್ಲಿರುತ್ತದೆ.

ಹಿಡಿದು ನೋಡಬಹುದಾದ ರಚನೆ

ಮೇಲಿನಿಂದ ನೋಡಿದರೆ ಅಂಬಾ ಡೊಂಗರ್ ಸುಮಾರು 3 ಕಿಲೋಮೀಟರ್ ಅಡ್ಡಳತೆಯ ಉಂಗುರ. ನಡುವಿನ ತಗ್ಗಿನಲ್ಲಿ ಕಪ್ಪು ಬಸಾಲ್ಟ್ ಇದೆ. ಅದರ ಸುತ್ತ ಒಡೆದ ಕಲ್ಲುಗಳ ಚೂರುಗಳನ್ನು ಕಾರ್ಬೊನೇಟ್ ಹಿಡಿದುಕೊಂಡಿರುವ ಬ್ರೆಕ್ಷಿಯಾದ ಬಳೆ, ಅದರ ಹೊರಗೆ ಗುಡ್ಡವಾಗಿ ನಿಂತಿರುವ ಸೊವೈಟ್‌ನ ದೊಡ್ಡ ಬಳೆ. ಸೊವೈಟ್ ಎಂದರೆ ದಪ್ಪ ಹರಳಿನ ಕ್ಯಾಲ್ಸೈಟ್ ಕಾರ್ಬೊನಟೈಟ್. ನಾರ್ವೆಯ ಸೋವೆ ಎಂಬ ಊರಿನ ಹೆಸರು ಗುಜರಾತಿನ ಗುಡ್ಡಕ್ಕೆ ಹೀಗೆ ಅಂಟಿಕೊಂಡಿದೆ. ಅಲ್ಲಲ್ಲಿ ಈ ಬಳೆಯನ್ನು ಸೀಳಿಕೊಂಡು ಕಂದುಬಣ್ಣದ ಆಂಕೆರೈಟ್ ಕಾರ್ಬೊನಟೈಟಿನ ಬೆಣೆಗಳೂ ಎಳೆಗಳೂ ಎದ್ದಿವೆ. ಆಂಕೆರೈಟಿನಲ್ಲಿ ಕ್ಯಾಲ್ಸಿಯಂ ಜೊತೆ ಕಬ್ಬಿಣ ಮತ್ತು ಮೆಗ್ನೀಷಿಯಂ ಸೇರಿರುವುದರಿಂದ ಬಿಸಿಲುಮಳೆಗೆ ತುಕ್ಕುಬಣ್ಣ ತಿರುಗುತ್ತದೆ, ಆಮ್ಲದ ಹನಿಗೆ ಸೊವೈಟಿನಷ್ಟು ರಭಸದಿಂದ ನೊರೆಯೇಳುವುದಿಲ್ಲ. ಸೊವೈಟನ್ನು ಸೀಳಿಕೊಂಡು ಬಂದಿರುವುದರಿಂದ ಇದು ಸೊವೈಟ್‌ಗಿಂತ ತಡವಾಗಿ ಬಂದದ್ದು ಎಂಬುದರಲ್ಲಿ ಅನುಮಾನವಿಲ್ಲ. ವಿರಳ ಭೂಲೋಹಗಳ ಮಟ್ಟಿಗೆ ಮುಖ್ಯವಾದದ್ದೂ ಇದೇ.

ಬಳೆಯ ಹೊರಗೆ ಬಾಘ್ ಮರಳುಗಲ್ಲು ಸುತ್ತಲೂ ಹೊರಮುಖವಾಗಿ ವಾಲಿ ನಿಂತಿದೆ, ಕೆಳಗಿನಿಂದ ಯಾರೋ ಗುಮ್ಮಟದಂತೆ ಎತ್ತಿದ ಹಾಗೆ. ಕಾರ್ಬೊನಟೈಟಿಗೆ ತಾಗಿದ ಕಡೆಗಳಲ್ಲಿ ಆ ಮರಳುಗಲ್ಲು ಮರಳುಗಲ್ಲಾಗಿ ಉಳಿದಿಲ್ಲ. ಶಿಲಾಪಾಕದಿಂದ ಹೊರಬಿದ್ದ ಸೋಡಿಯಂ, ಪೊಟ್ಯಾಸಿಯಂ ತುಂಬಿದ ದ್ರವಗಳು ಅದರೊಳಗೆ ಹೊಕ್ಕು ಬೆಣಚಿನ ಹರಳುಗಳನ್ನು ತಿಂದು, ಆ ಜಾಗದಲ್ಲಿ ಫೆಲ್ಡ್‌ಸ್ಪಾರ್ ಬೆಳೆಸಿವೆ. ಇಂಥ ಬದಲಾದ ಕಲ್ಲಿಗೆ ಫೆನೈಟ್ ಎನ್ನುತ್ತಾರೆ. ಮುಖ್ಯ ಸಂಗತಿಯೆಂದರೆ, ಇಂದು ಗಟ್ಟಿಯಾಗಿರುವ ಕಾರ್ಬೊನಟೈಟಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಹೆಚ್ಚಾಗಿ ಇಲ್ಲ. ಅಂದರೆ ಮೂಲ ಶಿಲಾಪಾಕದಲ್ಲಿದ್ದ ಕ್ಷಾರವೆಲ್ಲ ಸುತ್ತಲಿನ ಕಲ್ಲಿಗೆ ಸೋರಿಹೋಗಿದೆ. ನಾವು ಕೈಯಲ್ಲಿ ಹಿಡಿಯುವ ಕಾರ್ಬೊನಟೈಟ್ ಒಂದು ಶಿಲಾಪಾಕದ ಪೂರ್ತಿ ಹೆಪ್ಪಲ್ಲ, ಸೋಸಿ ಉಳಿದ ಚರಟ. ಕಾರ್ಬೊನಟೈಟಿನ ರಾಸಾಯನಿಕ ವಿಶ್ಲೇಷಣೆಯ ಅಂಕಿಗಳನ್ನು ನೇರವಾಗಿ ಶಿಲಾಪಾಕದ ಅಂಕಿಗಳೆಂದು ಓದುವ ಅಭ್ಯಾಸ ಈ ಕಾರಣಕ್ಕೆ ಅಪಾಯಕಾರಿ.

ಸುತ್ತಲಿನ ತಗ್ಗುಗಳಲ್ಲಿ ನೆಫೆಲಿನೈಟ್, ಫೋನೊಲೈಟ್ ಎಂಬ ಕ್ಷಾರೀಯ ಸಿಲಿಕೇಟ್ ಶಿಲೆಗಳಿವೆ. ಹತ್ತಿರದ ಸಿರಿವಾಸನ್‌ನಲ್ಲಿ ಕಾರ್ಬೊನಟೈಟ್ ಉಂಗುರವಾಗಿ ಅಲ್ಲದೆ, ಮರಳುಗಲ್ಲಿನ ಪದರಗಳ ನಡುವೆ ಹಾಳೆಯಂತೆ ನುಗ್ಗಿ ಕುಳಿತಿದೆ.

ಕಾಲ ಮತ್ತು ಮೂಲ

ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಜ್ಯೋತಿರಂಜನ್ ರೇ ಮತ್ತು ಕಾಂಚನ್ ಪಾಂಡೆ ಅವರು ಆರ್ಗಾನ್ ಕಾಲಮಾಪನದಿಂದ ಅಂಬಾ ಡೊಂಗರ್‌ನ ವಯಸ್ಸನ್ನು 1999ರಲ್ಲಿ 6.5 ಕೋಟಿ ವರ್ಷ ಎಂದು ಪ್ರಕಟಿಸಿದರು. ದೋಷಮಿತಿ 3 ಲಕ್ಷ ವರ್ಷ. ಮುಂದೆ ಅಪಟೈಟ್ ಹರಳುಗಳ ಯುರೇನಿಯಂ–ಸೀಸದ ಕಾಲಮಾಪನವೂ ಅದೇ ಕಾಲವನ್ನು ಸೂಚಿಸಿತು, ಈ ಅಧ್ಯಯನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಇದ್ದರು. 1999ರಲ್ಲಿ ಕ್ರಿಟೇಷಿಯಸ್ ಯುಗದ ಅಂತ್ಯವನ್ನೂ 6.5 ಕೋಟಿ ವರ್ಷ ಎಂದೇ ಎಣಿಸುತ್ತಿದ್ದರು, ಈಗ ಅದನ್ನು 6.6 ಕೋಟಿ ಎನ್ನುತ್ತಾರೆ. ಆರ್ಗಾನ್ ವಿಧಾನದ ಅಳತೆಗೋಲನ್ನೇ ನಡುವೆ ತಿದ್ದಲಾಗಿದೆ. ಆದ್ದರಿಂದ ಹಳೆಯ ಪ್ರಬಂಧದ ಅಂಕಿಯನ್ನು ಹೊಸ ಕಾಲಪಟ್ಟಿಯ ಪಕ್ಕದಲ್ಲಿಟ್ಟು ‘ಡೈನೋಸಾರ್‌ಗಳು ಅಳಿದು ಹತ್ತು ಲಕ್ಷ ವರ್ಷದ ಮೇಲೆ’ ಎಂದು ಲೆಕ್ಕ ಹಾಕುವುದು ಸರಿಯಲ್ಲ. ಹೇಳಬಹುದಾದದ್ದು ಇಷ್ಟು: ದಖ್ಖನ್ ಟ್ರ್ಯಾಪ್‌ನ ಮಹಾ ಲಾವಾಪ್ರವಾಹದ ಕಾಲಕ್ಕೆ ಈ ಗುಡ್ಡ ಸೇರಿದ್ದು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಯ ಎರೆಭೂಮಿಗೆ ತಾಯಿಯಾದ ಕಪ್ಪುಕಲ್ಲೂ ಅದೇ ಲಾವಾಪ್ರವಾಹದ ದಕ್ಷಿಣದ ಸೆರಗು.

ಕಾರ್ಬೊನಟೈಟ್ ಶಿಲಾಪಾಕ ಹುಟ್ಟುವ ಬಗೆಗೆ ಮೂರು ದಾರಿಗಳನ್ನು ಹೇಳುತ್ತಾರೆ. ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್‌ನಲ್ಲಿ, ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿರುವ ಶಿಲೆ ಬಹಳ ಸ್ವಲ್ಪ ಪ್ರಮಾಣದಲ್ಲಿ ಕರಗಿದಾಗ ಮೊದಲ ಹನಿಗಳೇ ಕಾರ್ಬೊನೇಟ್ ಆಗಿರಬಹುದು. ಅಥವಾ ನೆಫೆಲಿನೈಟಿನಂಥ ಕ್ಷಾರೀಯ ಶಿಲಾಪಾಕವೊಂದು ಮೇಲೇರುತ್ತ ತಣಿದಂತೆ, ತಿಳಿಸಾರಿನ ಮೇಲೆ ತುಪ್ಪ ಬೇರೆಯಾಗಿ ತೇಲುವಂತೆ, ಸಿಲಿಕೇಟ್ ದ್ರವ ಮತ್ತು ಕಾರ್ಬೊನೇಟ್ ದ್ರವಗಳಾಗಿ ಇಬ್ಭಾಗವಾಗಬಹುದು. ಅಥವಾ ಸಿಲಿಕೇಟ್ ಖನಿಜಗಳೆಲ್ಲ ಒಂದೊಂದಾಗಿ ಹರಳುಗಟ್ಟಿ ಇಳಿದುಹೋದ ಮೇಲೆ ಉಳಿದ ದ್ರವವೇ ಕಾರ್ಬೊನೇಟ್ ಆಗಬಹುದು. ಅಂಬಾ ಡೊಂಗರ್‌ನಲ್ಲಿ ನೆಫೆಲಿನೈಟ್ ಮತ್ತು ಕಾರ್ಬೊನಟೈಟ್ ಒಂದೇ ಕಾಲದಲ್ಲಿ ಒಂದೇ ಕಡೆ ಇರುವುದು ಎರಡನೆಯ ದಾರಿಗೆ ಹೆಚ್ಚು ಒಪ್ಪುತ್ತದೆ ಎಂದು ಹಲವು ಸಂಶೋಧಕರು ಭಾವಿಸುತ್ತಾರೆ.

ಇನ್ನು ಆ ಮೂಲ ಶಿಲಾಪಾಕ ಬಂದ ಜಾಗ. 1995ರಲ್ಲಿ ಸಿಮೊನೆಟ್ಟಿ, ಬೆಲ್ ಮತ್ತು ವಿಲಾಡ್ಕರ್ ಅವರು ಸ್ಟ್ರಾನ್ಷಿಯಂ, ನಿಯೋಡಿಮಿಯಂ, ಸೀಸಗಳ ಐಸೊಟೋಪ್‌ಗಳನ್ನು, ಅಂದರೆ ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳನ್ನು, ಅಳೆದು, ಇದು ಹಿಂದೆ ಯಾವಾಗಲೋ ಸಮೃದ್ಧಗೊಂಡಿದ್ದ ಮ್ಯಾಂಟಲ್‌ನಿಂದ ಬಂದದ್ದು ಎಂದು ತೀರ್ಮಾನಿಸಿದರು. ಆ ಸಮೃದ್ಧಿ ಮ್ಯಾಂಟಲ್‌ನ ಆಳದಿಂದ ಮೇಲೆದ್ದ ರಿಯೂನಿಯನ್ ಬಿಸಿಕಂಬದ್ದೋ, ಭಾರತದ ಭೂಫಲಕದ ಅಡಿಯಲ್ಲೇ ಬಹಳ ಹಿಂದಿನಿಂದ ಕುಳಿತಿದ್ದ ಶಿಲೆಯದ್ದೋ ಎಂಬ ಚರ್ಚೆ ಮೂರು ದಶಕಗಳಿಂದ ನಡೆದಿದೆ. ಚರ್ಚೆ ಸ್ವಾರಸ್ಯವಾದದ್ದೇ. ಆದರೆ ಅದಿರಿನ ಪ್ರಶ್ನೆಗೆ ಅದರಿಂದ ಸಿಗುವ ಸಹಾಯ ಅಲ್ಪ. ಸಮೃದ್ಧ ಮ್ಯಾಂಟಲ್‌ನಿಂದ ಬಂದ ಕಾರ್ಬೊನಟೈಟ್‌ಗಳು ಜಗತ್ತಿನಲ್ಲಿ ಎಷ್ಟೋ ಇವೆ. ಒಟ್ಟು ಐನೂರಕ್ಕೂ ಹೆಚ್ಚು ಕಾರ್ಬೊನಟೈಟ್ ನೆಲೆಗಳು ಪತ್ತೆಯಾಗಿದ್ದು, ಅವುಗಳಲ್ಲಿ ವಿರಳ ಭೂಲೋಹಗಳ ಗಣಿಯಾಗಿರುವವು ಬೆರಳೆಣಿಕೆಯಷ್ಟು. ಕರ್ನಾಟಕದ ಗಡಿಯಲ್ಲಿ ಕಾವೇರಿ ದಂಡೆಯ ಹೊಗೇನಕಲ್‌ನಲ್ಲಿಯೂ ಕಾರ್ಬೊನಟೈಟ್ ಇದೆ, ಅದು ಅಂಬಾ ಡೊಂಗರ್‌ಗಿಂತ ಎಷ್ಟೋ ಪಟ್ಟು ಹಳೆಯದು, ಅಲ್ಲಿ ನೋಡಲು ಹೋಗುವವರು ಜಲಪಾತ ನೋಡಿ ಬರುತ್ತಾರೆ.

ಉಪ್ಪಿನ ಆಗರದ ಲೆಕ್ಕ

ವಿರಳ ಭೂಲೋಹಗಳು ಎಂದರೆ ಲ್ಯಾಂಥನಮ್‌ನಿಂದ ಲುಟೀಷಿಯಂವರೆಗಿನ 15 ಧಾತುಗಳು, ಜೊತೆಗೆ ಯಿಟ್ರಿಯಂ ಮತ್ತು ಸ್ಕ್ಯಾಂಡಿಯಂ, ಒಟ್ಟು 17. ‘ವಿರಳ’ ಎಂಬುದು ಹಳೆಯ ಹೆಸರಷ್ಟೆ. ಭೂಮಿಯ ಹೊರಚಿಪ್ಪಿನಲ್ಲಿ ಸೀರಿಯಂ ಹೆಚ್ಚೂಕಡಿಮೆ ತಾಮ್ರದಷ್ಟಿದೆ. ಇವುಗಳ ಕಷ್ಟವೆಂದರೆ ಒಂದು ಕಡೆ ಗುಂಪುಗೂಡುವುದು ಅಪರೂಪ.

ಉತ್ತರ ಕನ್ನಡದ ಸಾಣಿಕಟ್ಟೆಯ ಉಪ್ಪಿನ ಆಗರವನ್ನು ಕಂಡವರಿಗೆ ಮುಂದಿನ ವಿವರಣೆ ಸುಲಭ. ಕಟ್ಟಿಹಾಕಿದ ಸಮುದ್ರದ ನೀರು ಬಿಸಿಲಿಗೆ ಇಂಗುತ್ತ ಹೋದಂತೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಮ್, ಅದರ ನಂತರ ಅಡುಗೆ ಉಪ್ಪು ಹರಳುಗಟ್ಟುತ್ತವೆ. ಉಪ್ಪನ್ನು ಎಳೆದು ರಾಶಿ ಹಾಕಿದ ಮೇಲೆ ತಳದಲ್ಲಿ ಉಳಿಯುವ ನೀರಿಗೆ ಕಹಿರುಚಿ, ಮೆಗ್ನೀಷಿಯಂ ಲವಣಗಳೆಲ್ಲ ಅದರಲ್ಲಿ ಗಟ್ಟಿಗೊಂಡಿರುತ್ತವೆ. ಕಾರ್ಬೊನೇಟ್ ಶಿಲಾಪಾಕದಲ್ಲಿಯೂ ಕ್ಯಾಲ್ಸೈಟ್ ಮೊದಲು ಹರಳುಗಟ್ಟುತ್ತದೆ. ವಿರಳ ಭೂಲೋಹಗಳ ಅಯಾನುಗಳು ಗಾತ್ರದಲ್ಲಿ ಕ್ಯಾಲ್ಸಿಯಂಗೆ ಹತ್ತಿರವಾಗಿರುವುದರಿಂದ ಸ್ವಲ್ಪ ಭಾಗ ಕ್ಯಾಲ್ಸೈಟ್, ಅಪಟೈಟ್ ಹರಳುಗಳೊಳಗೆ ಸೇರಿಕೊಳ್ಳುತ್ತದೆ. ಆದರೆ ಕ್ಯಾಲ್ಸಿಯಂನ ವಿದ್ಯುದಂಶ ಎರಡು, ಇವುಗಳದ್ದು ಮೂರು. ಈ ಹೆಚ್ಚುವರಿ ಅಂಶವನ್ನು ಸರಿದೂಗಿಸಲು ಪಕ್ಕದಲ್ಲಿ ಸೋಡಿಯಂನಂಥ ಜೊತೆಗಾರ ಬೇಕು. ಆದ್ದರಿಂದ ಹೆಚ್ಚಿನ ಪಾಲು ದ್ರವದಲ್ಲಿಯೇ ಉಳಿದು, ದ್ರವ ಕುಗ್ಗಿದಂತೆ ಸಾಂದ್ರವಾಗುತ್ತ ಹೋಗುತ್ತದೆ. ಸೊವೈಟ್‌ಗಿಂತ ತಡವಾಗಿ ಬಂದ ಆಂಕೆರೈಟ್ ಕಾರ್ಬೊನಟೈಟಿನಲ್ಲಿ ವಿರಳ ಭೂಲೋಹಗಳು ಸೊವೈಟಿಗಿಂತ ಹೆಚ್ಚಿರುವುದು ಈ ಲೆಕ್ಕಕ್ಕೆ ಸರಿಯಾಗಿದೆ.

ಇದೇ ಕ್ರಿಯೆ ತುದಿಮುಟ್ಟುವವರೆಗೆ ಶಿಲಾಪಾಕದೊಳಗೇ ನಡೆದರೆ ಮೌಂಟನ್ ಪಾಸ್ ಆಗುತ್ತದೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ 1949ರಲ್ಲಿ ಯುರೇನಿಯಂ ಹುಡುಕುತ್ತ ಗೈಗರ್ ಕೌಂಟರ್ ಹಿಡಿದು ಹೊರಟವರಿಗೆ ಅದು ಸಿಕ್ಕಿತು. ಅಲ್ಲಿ ಬಾಸ್ಟ್‌ನೆಸೈಟ್ ಎಂಬ ಖನಿಜ, ಅಂದರೆ ವಿರಳ ಭೂಲೋಹಗಳ ಫ್ಲೋರೋಕಾರ್ಬೊನೇಟ್, ಶಿಲಾಪಾಕದಿಂದಲೇ ಕ್ಯಾಲ್ಸೈಟ್ ಮತ್ತು ಬೆರೈಟ್ (ಬೇರಿಯಂ ಸಲ್ಫೇಟ್) ಜೊತೆಜೊತೆಗೆ ಹರಳುಗಟ್ಟಿದೆ. ಅದಿರಿನಲ್ಲಿ ವಿರಳ ಭೂಲೋಹಗಳ ಆಕ್ಸೈಡ್ ಶೇ. 8ರ ಆಸುಪಾಸು. ಅಂಬಾ ಡೊಂಗರ್‌ನ ಶಿಲಾಪಾಕಕ್ಕೆ ಆ ಹಂತ ಮುಟ್ಟುವ ಅವಕಾಶವಾಗಲಿಲ್ಲ. ಅಲ್ಲಿ ವಿರಳ ಭೂಲೋಹಗಳ ಸ್ವಂತ ಖನಿಜಗಳು ಹುಟ್ಟಿದ್ದು ಬಹುಮಟ್ಟಿಗೆ ಶಿಲಾಪಾಕ ಹೆಪ್ಪುಗಟ್ಟಿ ಮುಗಿದ ಮೇಲೆ.

ಕೊನೆಯ ನೀರು

ಆಂಕೆರೈಟ್ ಕಾರ್ಬೊನಟೈಟಿನ ತೆಳುಚೂರೊಂದನ್ನು ಕೂದಲಿಗಿಂತ ತೆಳ್ಳಗೆ ಉಜ್ಜಿ ಗಾಜಿನ ಮೇಲೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಈ ಕಥೆ ಕಾಣುತ್ತದೆ. ಕಾರ್ಬೊನೇಟ್ ಹರಳುಗಳ ಅಂಚುಗಳು ಸವೆದು ಮಸುಕಾಗಿವೆ. ಹರಳು ಹರಳಿನ ಸಂದಿನಲ್ಲಿ, ಬಿರುಕಿನ ಗೋಡೆಯಲ್ಲಿ, ಸಣ್ಣ ಪೊಟರೆಗಳಲ್ಲಿ ಸೂಜಿಯಂಥ, ತಟ್ಟೆಯಂಥ ಹೊಸ ಖನಿಜಗಳ ಜೊಂಪೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಭಾರವಾದ ಧಾತುಗಳಿರುವ ಜಾಗ ಬೆಳ್ಳಗೆ ಹೊಳೆಯುವುದರಿಂದ, ಬೂದುಬಣ್ಣದ ಬಯಲಿನಲ್ಲಿ ಚೆಲ್ಲಿದ ಸಾಸಿವೆಯಂತೆ ಅವು ಎದ್ದುಕಾಣುತ್ತವೆ. ದೊರೋಶ್ಕೆವಿಚ್, ವಿಲಾಡ್ಕರ್ ಮತ್ತಿತರರು 2009ರಲ್ಲಿ ಇವುಗಳ ವಿವರವಾದ ಪಟ್ಟಿ ಕೊಟ್ಟರು. ಬಾಸ್ಟ್‌ನೆಸೈಟ್, ಪ್ಯಾರಿಸೈಟ್, ಸಿಂಕಿಸೈಟ್ ಎಂಬ ಫ್ಲೋರೋಕಾರ್ಬೊನೇಟುಗಳು, ಫ್ಲಾರೆನ್ಸೈಟ್, ಮೊನಜೈಟ್ ಎಂಬ ಫಾಸ್ಫೇಟುಗಳು ಅದರಲ್ಲಿವೆ. ಇವು ಮೊದಲೇ ಇದ್ದ ಕ್ಯಾಲ್ಸೈಟ್, ಅಪಟೈಟ್‌ಗಳೊಳಗೆ ಚದುರಿಕೊಂಡಿದ್ದ ವಿರಳ ಭೂಲೋಹಗಳನ್ನು ಬಿಸಿನೀರು ಕದಡಿ ತೆಗೆದು ಮತ್ತೆ ಇಟ್ಟದ್ದು ಎಂಬುದು ಈ ಚಿತ್ರದಿಂದ ಹೊರಡುವ ಅರ್ಥ.

ಆಮ್ಲಜನಕದ ಐಸೊಟೋಪ್‌ಗಳೂ ಇದನ್ನೇ ಹೇಳುತ್ತವೆ. ಶಿಲಾಪಾಕದಿಂದ ನೇರ ಹರಳುಗಟ್ಟಿದ ಕಾರ್ಬೊನಟೈಟಿನಲ್ಲಿ ಆಮ್ಲಜನಕ–18ರ ಸೂಚ್ಯಂಕ, ಅಂದರೆ ಭಾರದ ಆಮ್ಲಜನಕ ಸಮುದ್ರದ ನೀರಿನ ಮಾನಕಕ್ಕಿಂತ ಎಷ್ಟು ಹೆಚ್ಚಿದೆ ಎಂಬ ಅಳತೆ, ಸಾಮಾನ್ಯವಾಗಿ ಸಾವಿರಕ್ಕೆ 6ರಿಂದ 10ರೊಳಗೆ ಇರುತ್ತದೆ. ಅಂಬಾ ಡೊಂಗರ್‌ನ ಕೆಲವು ಸೊವೈಟ್ ಮಾದರಿಗಳು ಆ ಮಿತಿಯಲ್ಲಿವೆ, ಆದರೆ ಆಂಕೆರೈಟ್ ಶಿಲೆಗಳಲ್ಲಿ ಮತ್ತು ಫ್ಲೋರೈಟ್ ಸಮೀಪದ ಮಾದರಿಗಳಲ್ಲಿ ಅದು ಬಹಳ ಮೇಲಕ್ಕೇರಿದೆ. ಕಡಿಮೆ ಉಷ್ಣತೆಯಲ್ಲಿ ನೀರಿನೊಂದಿಗೆ ಒಡನಾಡಿದ ಕಲ್ಲಿನ ಲಕ್ಷಣವೇ ಅದು.

ಆ ನೀರು ಯಾವುದು? ಪಾಮರ್ ಮತ್ತು ವಿಲಿಯಮ್ಸ್–ಜೋನ್ಸ್ ಅವರು 1996ರಲ್ಲಿ ಫ್ಲೋರೈಟ್ ಹರಳುಗಳೊಳಗೆ ಸಿಕ್ಕಿಹಾಕಿಕೊಂಡಿರುವ ದ್ರವದ ಹನಿಗಳನ್ನು ಪರೀಕ್ಷಿಸಿದರು. ಹರಳು ಬೆಳೆಯುವಾಗ ಅದರೊಳಗೆ ಬಂದಿಯಾದ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಲ್ಲಿ ಒಂದು ಗುಳ್ಳೆಯಿರುತ್ತದೆ. ಹರಳನ್ನು ನಿಧಾನವಾಗಿ ಬಿಸಿ ಮಾಡಿದಾಗ ಗುಳ್ಳೆ ಕರಗಿ ಮಾಯವಾಗುವ ಉಷ್ಣತೆಯಿಂದ, ಹರಳು ಬೆಳೆದ ಉಷ್ಣತೆಯ ಅಂದಾಜು ಸಿಗುತ್ತದೆ. ಇಲ್ಲಿ ಸಿಕ್ಕಿದ ಉಷ್ಣತೆ 150 ಡಿಗ್ರಿ ಆಸುಪಾಸು ಮತ್ತು ಅದಕ್ಕೂ ಕಡಿಮೆ, ಲವಣಾಂಶವೂ ಹೆಚ್ಚಿಲ್ಲ. ಕಾರ್ಬೊನಟೈಟಿನಿಂದ ಹೊರಬಂದ, ಫ್ಲೋರಿನ್ ಹೊತ್ತ ದ್ರವಕ್ಕೆ ಮೇಲಿನಿಂದ ಇಳಿದ ಮಳೆನೀರು ಬೆರೆತು, ಬಿಸಿ ಇಳಿದು, ಕ್ಯಾಲ್ಸಿಯಂ ಸಿಕ್ಕಿದ ಕಡೆ ಫ್ಲೋರೈಟ್ ಬಿದ್ದಿತು ಎಂಬುದು ಅವರ ನಿರ್ಣಯ. ಕಾರ್ಬೊನಟೈಟ್ ಮತ್ತು ಮರಳುಗಲ್ಲು ಸೇರುವ ಅಂಚಿನಲ್ಲಿಯೇ ಫ್ಲೋರೈಟ್ ದಟ್ಟವಾಗಿರುವುದು ಇದಕ್ಕೆ ಹೊಂದುತ್ತದೆ. 1973ರ ಒಂದು ಅಂದಾಜಿನಂತೆ ನಿಕ್ಷೇಪ 1.16 ಕೋಟಿ ಟನ್, ಅದರಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ ಸರಾಸರಿ ಶೇ. 30. ಗುಜರಾತ್ ಖನಿಜ ಅಭಿವೃದ್ಧಿ ನಿಗಮದ ಕಾಡಿಪಾನಿ ಘಟಕ ನಿಂತಿರುವುದು ಇದರ ಮೇಲೆ.

ಫ್ಲೋರಿನ್ ಪಾತ್ರವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಬಹುಕಾಲ ಅದನ್ನು ತಲೆಕೆಳಗಾಗಿ ಅರ್ಥಮಾಡಿಕೊಳ್ಳಲಾಗಿತ್ತು. ವಿರಳ ಭೂಲೋಹಗಳು ನೀರಿನಲ್ಲಿ ಫ್ಲೋರೈಡಿನೊಂದಿಗೆ ಬಲವಾದ ಜೋಡಿ ಕಟ್ಟುತ್ತವೆ, ಆದ್ದರಿಂದ ಫ್ಲೋರೈಡೇ ಅವುಗಳನ್ನು ದೂರದೂರಕ್ಕೆ ಸಾಗಿಸುವ ವಾಹನ ಎಂದು ಪಠ್ಯಗಳು ಹೇಳುತ್ತಿದ್ದವು. ಮಿಗ್ದಿಸೊವ್ ಮತ್ತು ವಿಲಿಯಮ್ಸ್–ಜೋನ್ಸ್ ಅವರ ಪ್ರಯೋಗಗಳು ಈ ನಂಬಿಕೆಯನ್ನು ಅಲುಗಾಡಿಸಿದವು. ಫ್ಲೋರಿನ್ ಹೆಚ್ಚಿರುವ ದ್ರವದಲ್ಲಿ ವಿರಳ ಭೂಲೋಹಗಳು ಕರಗಿರಲಾರವು, ಅಲ್ಲೇ ಘನವಾಗಿ ಬಿದ್ದುಬಿಡುತ್ತವೆ. ಸಾಗಿಸುವ ಕೆಲಸ ಕ್ಲೋರೈಡ್ ಮತ್ತು ಸಲ್ಫೇಟುಗಳದ್ದು. ಫ್ಲೋರೈಡ್ ಅವುಗಳನ್ನು ಕೆಳಗಿಳಿಸುವ ಹಮಾಲ. ಅಂಬಾ ಡೊಂಗರ್‌ಗೆ ಇದನ್ನು ಅನ್ವಯಿಸಿದರೆ ಹೀಗಾಗುತ್ತದೆ: ಲವಣ ಕಡಿಮೆ, ಉಷ್ಣತೆ ಕಡಿಮೆ, ಫ್ಲೋರಿನ್ ಮಾತ್ರ ಯಥೇಚ್ಛವಾಗಿದ್ದ ನೀರಿಗೆ ವಿರಳ ಭೂಲೋಹಗಳನ್ನು ಎತ್ತಿಕೊಂಡು ದೂರ ಹೋಗಿ ಒಂದೇ ಕಡೆ ಗುಡ್ಡೆ ಹಾಕುವ ಶಕ್ತಿ ಇರಲಿಲ್ಲ. ಬಿಡಿಸಿದ ಜಾಗದ ಪಕ್ಕದಲ್ಲೇ ಚಿಟಿಕೆ ಚಿಟಿಕೆಯಾಗಿ ಇಟ್ಟುಹೋಯಿತು. ಫ್ಲೋರೈಟ್ ಎಳೆಯಾಗಿ ಸೇರಿತು, ವಿರಳ ಭೂಲೋಹಗಳು ಚದುರಿದವು. ಇದು ಸಾಬೀತಾದ ಮಾತೆಂದು ಹೇಳುತ್ತಿಲ್ಲ. ಮೇಲಿನ ಅಳತೆಗಳನ್ನು ಒಟ್ಟಿಗಿಟ್ಟಾಗ ನನಗೆ ಸರಳವಾಗಿ ಕಾಣುವ ವಿವರಣೆ ಇದು. ಚೀನಾದ ಸಿಚುವಾನ್ ಪ್ರಾಂತ್ಯದ ಮಾವೊನ್ಯೂಪಿಂಗ್‌ನಲ್ಲಿ ಫ್ಲೋರೈಟ್, ಬೆರೈಟ್ ಮತ್ತು ಬಾಸ್ಟ್‌ನೆಸೈಟ್ ಒಂದೇ ಎಳೆಗಳಲ್ಲಿ ಕೈಗೆ ಸಿಗುವಷ್ಟು ದಪ್ಪ ಹರಳುಗಳಾಗಿ ಬೆಳೆದಿವೆ. ಹಾಗಾಗಿ ಫ್ಲೋರೈಟ್ ಇದ್ದಲ್ಲಿ ವಿರಳ ಭೂಲೋಹಗಳ ಎಳೆ ಇರಲಾರದು ಎಂಬ ನಿಯಮವೇನಿಲ್ಲ. ದ್ರವ ಎಷ್ಟು ಬಿಸಿಯಿತ್ತು, ಎಷ್ಟು ಉಪ್ಪಾಗಿತ್ತು, ಮಳೆನೀರು ಯಾವ ಘಟ್ಟದಲ್ಲಿ ಬಂದು ಬೆರೆಯಿತು ಎಂಬುದರ ಮೇಲೆ ನಿಂತಿದೆ.

ಗಣಿಗಾರನ ಮುಂದಿರುವ ಕಲ್ಲು

ಚದುರಿದ ಸಣ್ಣ ಹರಳಿನ ಪರಿಣಾಮ ಅದಿರು ಶುದ್ಧೀಕರಣದ ಕಾರ್ಖಾನೆಯಲ್ಲಿ ಗೊತ್ತಾಗುತ್ತದೆ. ಬಾಸ್ಟ್‌ನೆಸೈಟಿನ ಸಾಂದ್ರತೆ 5ರ ಆಸುಪಾಸು, ಕ್ಯಾಲ್ಸೈಟಿನದು 2.7, ಫ್ಲೋರೈಟಿನದು 3.2. ಹರಳು ದಪ್ಪವಾಗಿದ್ದರೆ ಭಾರದ ಈ ವ್ಯತ್ಯಾಸದಿಂದಲೇ ಅರ್ಧ ಕೆಲಸ ಆಗುತ್ತದೆ. ಕಡಲತೀರದ ಮರಳಿನ ಮೊನಜೈಟನ್ನು ಬೇರ್ಪಡಿಸುವಲ್ಲಿ ಮೊದಲ ಹೆಜ್ಜೆ ಅದೇ. ಅಲ್ಲಿ ಪುಡಿ ಮಾಡುವ, ತೂರುವ ಕೆಲಸವನ್ನು ಅಲೆಗಳೇ ಮಾಡಿಟ್ಟಿವೆ. ಇಲ್ಲಿ ಹಾಗಲ್ಲ. ಕಾರ್ಬೊನೇಟಿನ ಸಂದಿನಲ್ಲಿ ಹೆಣೆದುಕೊಂಡ ಸೂಜಿಗಳನ್ನು ಬಿಡಿಸಲು ಕಲ್ಲನ್ನು ಹಿಟ್ಟಿನಂತೆ ನುಣ್ಣಗೆ ಅರೆಯಬೇಕು. ಅಷ್ಟು ಅರೆದರೆ ಭಾರದ ವ್ಯತ್ಯಾಸ ಉಪಯೋಗಕ್ಕೆ ಬರುವುದಿಲ್ಲ, ನೊರೆ ಎಬ್ಬಿಸಿ ಖನಿಜವನ್ನು ತೇಲಿಸುವ ಫ್ಲೊಟೇಶನ್ ವಿಧಾನವೇ ಗತಿ. ಆ ವಿಧಾನದಲ್ಲಿ ಬಳಸುವ ಕೊಬ್ಬಿನ ಆಮ್ಲಗಳು ಬಾಸ್ಟ್‌ನೆಸೈಟಿಗೆ ಅಂಟಿಕೊಳ್ಳುವಂತೆಯೇ ಕ್ಯಾಲ್ಸೈಟಿಗೂ ಫ್ಲೋರೈಟಿಗೂ ಬೆರೈಟಿಗೂ ಅಂಟುತ್ತವೆ. ಯಾವುದನ್ನು ತೇಲಿಸಬೇಕು, ಯಾವುದನ್ನು ಅದುಮಿಡಬೇಕು ಎಂಬುದನ್ನು ಆ ಒಂದು ಅದಿರಿಗೆಂದೇ ಕಂಡುಹಿಡಿಯಬೇಕಾಗುತ್ತದೆ.

ಸಂಸತ್ತಿಗೆ 2025ರಲ್ಲಿ ಕೊಟ್ಟ ಮಾಹಿತಿಯಂತೆ ಗುಜರಾತ್ ಮತ್ತು ರಾಜಸ್ಥಾನಗಳ ಗಟ್ಟಿಶಿಲೆಯಲ್ಲಿ 12.9 ಲಕ್ಷ ಟನ್ ವಿರಳ ಭೂಲೋಹಗಳ ಆಕ್ಸೈಡ್ ಇದೆ. ಇತ್ತೀಚೆಗೆ ಗುಜರಾತ್ ಖನಿಜ ಅಭಿವೃದ್ಧಿ ನಿಗಮ ಅಂಬಾ ಡುಂಗರ್‌ನ ವಿರಳ ಭೂಲೋಹ ಯೋಜನೆಯನ್ನು ಕೈಗೆತ್ತಿಕೊಂಡಿದೆ. ಟನ್ನುಗಳ ಈ ಅಂಕಿಯನ್ನು ಓದುವಾಗ ಎರಡು ವಿಷಯ ನೆನಪಿರಬೇಕು. ಕಾರ್ಬೊನಟೈಟ್ ಕೊಡುವುದು ಹೆಚ್ಚಾಗಿ ಹಗುರ ಬಳಗದ ಲ್ಯಾಂಥನಮ್, ಸೀರಿಯಂ, ಪ್ರಸಿಯೋಡಿಮಿಯಂ, ನಿಯೋಡಿಮಿಯಂಗಳನ್ನು. ಕಾಂತಗಳಿಗೆ ಕೊನೆಯೆರಡು ಬೇಕು. ಆದರೆ 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ನಿಯಂತ್ರಣ ಹೇರಿದ ಏಳು ಲೋಹಗಳ ಪಟ್ಟಿಯಲ್ಲಿ ಇದ್ದದ್ದು ಡಿಸ್ಪ್ರೋಸಿಯಂ, ಟೆರ್ಬಿಯಂ ಮೊದಲಾದ ಮಧ್ಯಮ ಮತ್ತು ಭಾರ ಬಳಗದವು, ಅವು ಇಂಥ ಶಿಲೆಯಲ್ಲಿ ಅತ್ಯಲ್ಪ. ಎರಡನೆಯದು, ಒಟ್ಟು ಆಕ್ಸೈಡ್ ಎಷ್ಟು ಎಂಬ ಒಂದೇ ಸಾಲು ಅದು ಯಾವ ಖನಿಜದಲ್ಲಿದೆ, ಹರಳಿನ ಗಾತ್ರವೆಷ್ಟು ಎಂಬುದನ್ನು ಹೇಳುವುದಿಲ್ಲ. ಕ್ಯಾಲ್ಸೈಟಿನೊಳಗೆ ಕರಗಿ ಕೂತ ಸೀರಿಯಂ ಕೂಡ ವಿಶ್ಲೇಷಣೆಯ ಯಂತ್ರಕ್ಕೆ ಸೀರಿಯಮ್ಮೇ, ಗಣಿಗಾರನಿಗೆ ಮಾತ್ರ ಅದು ಇಲ್ಲದ ಲೆಕ್ಕ.

ನನ್ನ ಎಣಿಕೆಯಲ್ಲಿ ಹುಡುಕಾಟ ಬಿಳಿಯ ಸೊವೈಟ್ ಬಳೆಯಲ್ಲಿ ಅಲ್ಲ, ತುಕ್ಕುಬಣ್ಣದ ಆಂಕೆರೈಟ್ ಬೆಣೆಗಳಲ್ಲಿ, ಅದರಲ್ಲೂ ಮಳೆನೀರು ಇನ್ನೂ ಬೆರೆಯದಿದ್ದ ಆಳದ ಭಾಗಗಳಲ್ಲಿ ನಡೆಯಬೇಕು. ಅಲ್ಲಿ ದ್ರವ ಹೆಚ್ಚು ಬಿಸಿಯಾಗಿ, ಹೆಚ್ಚು ಉಪ್ಪಾಗಿ ಇದ್ದಿದ್ದರೆ ಹರಳುಗಳು ದಪ್ಪವಾಗಿರಬೇಕು. ಕೊರೆದು ತೆಗೆದ ಕಲ್ಲಿನ ಕಂಬವನ್ನು ಆಳಕ್ಕೆ ತಕ್ಕಂತೆ ಸಾಲಾಗಿಟ್ಟು, ಒಂದೊಂದು ಮಟ್ಟದಲ್ಲಿ ಬಾಸ್ಟ್‌ನೆಸೈಟ್ ಹರಳಿನ ಅಗಲವನ್ನೂ ಅದರ ಪಕ್ಕದ ಕಾರ್ಬೊನೇಟಿನ ಆಮ್ಲಜನಕ ಸೂಚ್ಯಂಕವನ್ನೂ ಜೊತೆಜೊತೆಗೆ ಅಳೆದರೆ ಈ ಎಣಿಕೆ ಸರಿಯೋ ತಪ್ಪೋ ತಿಳಿಯುತ್ತದೆ: ಸೂಚ್ಯಂಕ 10ರ ಕಡೆಗೆ ಇಳಿದಂತೆ ಹರಳು ದಪ್ಪವಾಗುತ್ತ ಹೋಗಬೇಕು.